ಎರಡೂಕಾಲಿನ ಬಸ್ಸಿಗೆ ಹೋದ ಸುದ್ದಿ

೧೯೯೮ರ ಫೆಬ್ರವರಿಯ ಒಂದು ಬುಧವಾರ ಬೆಳಿಗ್ಗೆ ಪೇಪರ್ ಜಂಬಣ್ಣ ಮೊಳಕಾಲ್ಮೂರಿನಲ್ಲಿ ಹಂಚಿದ ಪತ್ರಿಕೆಯ ಮೂರನೆಯ ಪುಟದಲ್ಲಿ ನಿರ್ಮಲಾ ಆರೋಗ್ಯವಾಗಿದ್ದಳು. ಅವಳ ಹೆಸರೇನೂ ಅಲ್ಲಿರಲಿಲ್ಲ. ಹಿಂದಿನ ದಿನದ ಶಿಬಿರದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೂವತ್ತೆಂಟು ಮಹಿಳೆಯರ ಪೈಕಿ ಅವಳೂ ಒಬ್ಬಳು; "ಎಲ್ಲರೂ ಆರೋಗ್ಯವಾಗಿದ್ದು, ಇಲಾಖೆಯ ವಾಹನದಲ್ಲಿ ಸುರಕ್ಷಿತವಾಗಿ ಮನೆಗೆ ಕಳುಹಿಸಿಕೊಡಲಾಯಿತು" ಎಂಬ ಸಾಲಿನೊಳಗೆ ಅವಳೂ ಸೇರಿಹೋಗಿದ್ದಳು. ಅದೇ ಹೊತ್ತಿನಲ್ಲಿ, ಹದಿನಾಲ್ಕು ಕಿಲೋಮೀಟರ್ ಆಚೆಯ ಚಿಕ್ಕಬೋರನಹಟ್ಟಿಯಲ್ಲಿ, ಅವಳ ಹೆಣಕ್ಕೆ ಗುಂಡಿ ತೆಗೆಯುತ್ತಿದ್ದರು.

ಆ ಸಾಲು ಬರೆದವನು ಜಂಬಣ್ಣನೇ.

ಸಾವಿನ ಸುದ್ದಿ ಅವನಿಗೆ ಮುಟ್ಟಿದ್ದು ಬಸ್ ನಿಲ್ದಾಣದ ಎದುರಿನ ಮಾರಯ್ಯನ ಹೋಟೆಲಿನಲ್ಲಿ. ಮನೆಮನೆಗೆ ಪೇಪರ್ ಹಾಕಿ ಮುಗಿಸಿ, ಕೊನೆಯ ಪ್ರತಿಯನ್ನು ಹೋಟೆಲಿಗೆ ಕೊಟ್ಟು ಅರ್ಧ ಟೀ ಕುಡಿಯುವುದು ಜಂಬಣ್ಣನ ಪದ್ಧತಿ. ನಮ್ಮ ಕಡೆಯ ಸುದ್ದಿ ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ಗಿರಾಕಿಗಳಿಗೆ ಕೇಳಿಸುವುದು ಮಾರಯ್ಯನ ಪದ್ಧತಿ. ಅವತ್ತೂ ಓದಿದ. ಗಲ್ಲಾದ ಹತ್ತಿರ ಹಟ್ಟಿಯವನೊಬ್ಬ ನಿಂತಿದ್ದ. ಒಂದು ಕೈಯಲ್ಲಿ ಹೊಸ ಸೀರೆಯ ಪೊಟ್ಟಣ, ಇನ್ನೊಂದರಲ್ಲಿ ಹೂವಿನ ಹಾರ. ಸಾವಿನ ಮನೆಗೆ ಸಾಮಾನು ತರಲು ಬಂದವನೆಂದು ನೋಡಿದರೇ ತಿಳಿಯುತ್ತಿತ್ತು. ಓದಿ ಮುಗಿಯುವವರೆಗೂ ಕೇಳಿಸಿಕೊಂಡು ಅವನು ಮೆಲ್ಲಗೆ ಹೇಳಿದ.

"ಅದ್ರಾಗೆ ನಮ್ ಹುಡುಗಿ ಸತ್ತೋಗೈತೆ ಕಣಣ್ಣ. ಇನ್ನೊಂದ್ ಸಲ ಓದು."

ಮಾರಯ್ಯ ಇನ್ನೊಂದು ಸಲ ಓದಿದ. ಎಲ್ಲರೂ ಆರೋಗ್ಯವಾಗಿದ್ದರು. ಹೋಟೆಲಿನಲ್ಲಿದ್ದ ಏಳೆಂಟು ಜನ ಇಡ್ಲಿ ತಿನ್ನುವುದನ್ನು ಬಿಟ್ಟು ಜಂಬಣ್ಣನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಪೇಪರಿನಲ್ಲಿ ಬಂದದ್ದು ಸುಳ್ಳಾಗುವುದು ಹೇಗೆ ಎಂಬ ಗೊಂದಲವಷ್ಟೇ ಇತ್ತು. ಸತ್ತವಳು ಸೂರಪ್ಪನ ಹೆಂಡತಿ, ಮುದ್ದಕ್ಕನ ಒಬ್ಬಳೇ ಮಗಳು, ಎರಡು ಚಿಕ್ಕ ಮಕ್ಕಳ ತಾಯಿ ಎಂದು ಹಟ್ಟಿಯವನು ಹೇಳುತ್ತಿದ್ದಂತೆ ಜಂಬಣ್ಣ ಟೀ ಬಿಟ್ಟು ಎದ್ದ.

ಜಂಬಣ್ಣನ ಪೂರ್ತಿ ಹೆಸರು ಜಂಬುಲಿಂಗಪ್ಪ. ಅಪ್ಪ ಮೊಳಕಾಲ್ಮೂರಿನ ಎಷ್ಟೋ ಜನರಂತೆ ರೇಷ್ಮೆ ಸೀರೆ ನೇಯುತ್ತಿದ್ದ. ಇವನೂ ಎಸ್ಸೆಸ್ಸೆಲ್ಸಿ ಮುಗಿಸಿ ಕೆಲವು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವನೇ. ಒಂದು ಸಲ ತಮ್ಮ ಬೀದಿಗೆ ಕರೆಂಟು ಬಾರದಿರುವುದರ ಬಗ್ಗೆ ಚಿತ್ರದುರ್ಗದ ಪತ್ರಿಕೆಗೆ ಕಾರ್ಡು ಬರೆದ. ಅದು ಅಚ್ಚಾಯಿತು, ವಾರದೊಳಗೆ ಕರೆಂಟೂ ಬಂತು. ಆ ರುಚಿ ಹತ್ತಿದ ಮೇಲೆ ಮಗ್ಗ ಹಿಡಿಸಲಿಲ್ಲ. ೧೯೮೬ರಲ್ಲಿ ಅದೇ ಪತ್ರಿಕೆಗೆ ಏಜೆಂಟನೂ ಆದ, ಅರೆಕಾಲಿಕ ವರದಿಗಾರನೂ ಆದ. ಅರೆಕಾಲಿಕ ಎಂಬುದು ಹೆಸರಿಗೆ. ಬೆಳಗಿನ ಜಾವ ಬಂಡಲು ಬಿಚ್ಚುವುದರಿಂದ ಹಿಡಿದು ರಾತ್ರಿ ಯಾರದೋ ಮನೆಯ ಕದ ತಟ್ಟುವವರೆಗೆ ಅದೇ ಕೆಲಸ. ಸಂಬಳ ಮಾತ್ರ ಅರೆಕಾಲಿಕವಾಗಿತ್ತು. ಹೆಂಡತಿ ರಾಧಮ್ಮ ರಾಟೆಯಲ್ಲಿ ರೇಷ್ಮೆ ಸುತ್ತದಿದ್ದರೆ ಆ ಮನೆಯ ಒಲೆ ಪತ್ರಿಕೋದ್ಯಮದಿಂದ ಉರಿಯುತ್ತಿರಲಿಲ್ಲ.

ಹಾಗೆಂದು ಅವನು ಕೆಲಸಗಳ್ಳನಲ್ಲ. ಒಂದು ಹಳೆಯ ಲೂನಾ ಏರಿ ಜಟಿಂಗ ರಾಮೇಶ್ವರದ ಬೆಟ್ಟದ ಬುಡದಿಂದ ಪರಶುರಾಂಪುರದವರೆಗೆ ಅಲೆಯುತ್ತಿದ್ದ. ಶೇಂಗಾ ಹೊಲಕ್ಕೆ ಕರಡಿ ನುಗ್ಗಿದ್ದು, ಮೇಷ್ಟ್ರಿಲ್ಲದ ಶಾಲೆ, ಕೆಟ್ಟ ಬೋರಿಂಗು, ಚಳ್ಳಕೆರೆ ಮಾರುಕಟ್ಟೆಯ ಧಾರಣೆ, ಇವೆಲ್ಲವೂ ಅವನ ಕೈಯಿಂದ ದಾಟಿಯೇ ಜಿಲ್ಲೆಗೆ ಗೊತ್ತಾಗಬೇಕಿತ್ತು. ಹಟ್ಟಿಗಳಲ್ಲಿ ಅವನಿಗೆ ತಹಶೀಲ್ದಾರರಿಗಿಂತ ಹೆಚ್ಚಿನ ಮರ್ಯಾದೆ. ತಹಶೀಲ್ದಾರರು ವರ್ಗವಾಗಿ ಹೋಗುತ್ತಾರೆ, ಪೇಪರ್ ಜಂಬಣ್ಣ ಇಲ್ಲೇ ಇರುತ್ತಾನೆ.

ಅವನನ್ನು ಕೆಡಿಸಿದ್ದು ಎರಡೂಕಾಲಿನ ಬಸ್ಸು. ಸುದ್ದಿಯನ್ನು ಹಾಳೆಯಲ್ಲಿ ಬರೆದು, ಕವರಿಗೆ ಹಾಕಿ, ಮೇಲೆ ಕೆಂಪು ಇಂಕಿನಲ್ಲಿ 'ಸುದ್ದಿ, ತುರ್ತು' ಎಂದು ಬರೆದು, ಮಧ್ಯಾಹ್ನ ಎರಡೂಕಾಲಿಗೆ ಹೊರಡುವ ಖಾಸಗಿ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು. ಅದು ಚಳ್ಳಕೆರೆ ದಾಟಿ ಸಂಜೆಗೆ ದುರ್ಗ ಸೇರುತ್ತದೆ. ಆ ಬಸ್ಸು ತಪ್ಪಿದರೆ ಸುದ್ದಿ ಒಂದು ದಿನ ಹಳೆಯದು, ಹಳೆಯ ಸುದ್ದಿಗೆ ಪುಟದಲ್ಲಿ ಜಾಗವಿಲ್ಲ. ಎಸ್‌ಟಿಡಿ ಬೂತಿನಿಂದ ಫೋನಿನಲ್ಲಿ ಓದಿ ಹೇಳಬಹುದು. ಆದರೆ ಅದರ ಬಿಲ್ಲು ಕೈಯಿಂದ ಹೋಗುತ್ತದೆ. ಇನ್ನು ಸರ್ಕಾರದ ಸಮಾರಂಭಗಳೋ, ಆಮಂತ್ರಣದಲ್ಲಿ ಹನ್ನೊಂದು ಗಂಟೆ ಎಂದಿದ್ದರೆ ಗಣ್ಯರು ಬರುವುದು ಮೂರಕ್ಕೆ. ಹೀಗಾಗಿ ಜಂಬಣ್ಣ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಲು ಕಲಿತ. ಆಮಂತ್ರಣ ಪತ್ರಿಕೆಯನ್ನು ಮುಂದಿಟ್ಟುಕೊಂಡು, ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದರು, ಯಾರು ಏನು ಕರೆ ನೀಡಿದರು ಎಂದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಬರೆದು ಕಳಿಸಿಬಿಡುವುದು. ಅವನೊಬ್ಬನೇ ಅಲ್ಲ, ಬಸ್ಸಿಗೆ ಕವರ್ ಕೊಡುವ ಎಲ್ಲ ಊರುಗಳ ವರದಿಗಾರರೂ ಮಾಡುತ್ತಿದ್ದದ್ದು ಅದನ್ನೇ.

ಒಮ್ಮೆ ಪರಶುರಾಂಪುರದ ಕಡೆ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಬರಬೇಕಿದ್ದ ಮುಖ್ಯ ಅತಿಥಿ ದಾರಿಯಲ್ಲಿ ಜೀಪು ಕೆಟ್ಟು ಬರಲೇ ಇಲ್ಲ. ಮಾರನೆಯ ದಿನ ಪತ್ರಿಕೆಯಲ್ಲಿ ಅವರು ಮಕ್ಕಳೇ ದೇಶದ ಸಂಪತ್ತು ಎಂದು ಭಾಷಣ ಮಾಡಿದ್ದರು. ಜಂಬಣ್ಣ ಮೂರು ದಿನ ಆ ದಾರಿಗೆ ಹೋಗಲು ಹೆದರಿದ. ನಾಲ್ಕನೆಯ ದಿನ ಆ ಅತಿಥಿಯೇ ಆಳಿನ ಕೈಯಲ್ಲಿ ಶಾಲು ಕಳಿಸಿದರು. ಭಾಷಣ ಬಹಳ ಚೆನ್ನಾಗಿ ಬಂದಿದೆಯಂತೆ. ಊರೆಲ್ಲ ಒಂದು ವರ್ಷ ಆ ಕಥೆ ಹೇಳಿಕೊಂಡು ನಕ್ಕಿತು, ಜಂಬಣ್ಣನೂ ನಕ್ಕ. ನನ್ನನ್ನು ಕೇಳಿದರೆ ಅವನು ಕೆಟ್ಟದ್ದು ಆ ನಗುವಿನಲ್ಲಿ. ಅಂದು ಯಾರಾದರೂ ಒಬ್ಬರು ಕೆನ್ನೆಗೆ ಬಾರಿಸಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಸಂತಾನಹರಣ ಶಿಬಿರದ ಸುದ್ದಿಯಂತೂ ಅವನಿಗೆ ಬಾಯಿಪಾಠ. ಚಳಿಗಾಲ ಬಂತೆಂದರೆ ಹೋಬಳಿಗೊಂದು ಶಿಬಿರ. ಆರೋಗ್ಯ ಸಹಾಯಕ ಚಿನ್ನಯ್ಯ ಹಟ್ಟಿ ಹಟ್ಟಿ ಸುತ್ತಿ ಹೆಂಗಸರನ್ನು ಒಪ್ಪಿಸಿ ಹೆಸರು ಬರೆಸುವವನು. ಅವನಿಗೆ ಮೇಲಿನಿಂದ ಗುರಿ ಕೊಡುತ್ತಿದ್ದರು, ಗುರಿ ಮುಟ್ಟದಿದ್ದರೆ ಬಡ್ತಿ ತಡೆಯುತ್ತಿದ್ದರು. ಶಿಬಿರದ ಬೆಳಿಗ್ಗೆ ಚಿನ್ನಯ್ಯ ಸಂಖ್ಯೆ ಹೇಳುತ್ತಾನೆ, ಜಂಬಣ್ಣ ಹಳೆಯ ಸಾಲುಗಳ ನಡುವೆ ಹೊಸ ಸಂಖ್ಯೆ ಕೂರಿಸುತ್ತಾನೆ. ಸಾಲು ಬದಲಾಗುವುದಿಲ್ಲ, ಎಲ್ಲರೂ ಯಾವಾಗಲೂ ಆರೋಗ್ಯವಾಗಿರುತ್ತಾರೆ.

ಆ ಮಂಗಳವಾರವೂ ಹಾಗೇ ಆಯಿತು. ಶಿಬಿರ ನಡೆದ ಊರಿನ ಹೆಸರು ಇಲ್ಲಿ ಬೇಡ. ಬೆಳಿಗ್ಗೆ ಔಷಧಿ ಪೆಟ್ಟಿಗೆ ಒಯ್ಯಲು ಮೊಳಕಾಲ್ಮೂರಿಗೆ ಬಂದಿದ್ದ ಚಿನ್ನಯ್ಯ ಮೂವತ್ತೆಂಟು ಎಂದ. ಜಂಬಣ್ಣ ಐದು ನಿಮಿಷದಲ್ಲಿ ಬರೆದು, ಶೇಂಗಾ ಧಾರಣೆಯ ಸುದ್ದಿಯ ಜೊತೆಗೆ ಒಂದೇ ಕವರಿಗೆ ತುರುಕಿ, ಎರಡೂಕಾಲಿನ ಬಸ್ಸಿಗೆ ಕೊಟ್ಟು ಮನೆಗೆ ಹೋಗಿ ಊಟ ಮಾಡಿ ಮಲಗಿದ.

ಅಲ್ಲಿ ಏನಾಯಿತೆಂಬುದನ್ನು ಅವನು ಒಂದೊಂದೇ ಚೂರಾಗಿ ಆಮೇಲೆ ತಿಳಿದುಕೊಂಡ. ಹೆಂಗಸರು ಬೆಳಗಿನಿಂದ ಹನಿ ನೀರು ಕುಡಿಯದೆ ಆಸ್ಪತ್ರೆಯ ಜಗಲಿಯ ಮೇಲೆ ಕೂತಿದ್ದರು. ಬೇರೆ ಎರಡು ಶಿಬಿರ ಮುಗಿಸಿಕೊಂಡು ಡಾಕ್ಟರು ಬಂದಿಳಿದಾಗ ನಾಲ್ಕಕ್ಕೆ ಹದಿನೈದು ನಿಮಿಷ ಬಾಕಿಯಿತ್ತು. ಯಶಸ್ವಿಯಾಗಿ ಮುಗಿಯಿತೆಂಬ ಸುದ್ದಿ ಆಗಲೇ ಚಳ್ಳಕೆರೆಯ ಎಣ್ಣೆ ಮಿಲ್ಲುಗಳನ್ನು ದಾಟಿತ್ತು, ಮೊದಲನೆಯ ಹೆಂಗಸು ಇನ್ನೂ ಮೇಜು ಹತ್ತಿರಲಿಲ್ಲ. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ. ನಿರ್ಮಲಾ ಮೂವತ್ತೊಂದನೆಯವಳು. ಹೊತ್ತು ಮುಳುಗುವಾಗ ಅವಳನ್ನು ಹೊರಗೆ ತಂದು ಚಾಪೆಯ ಮೇಲೆ ಮಲಗಿಸಿದರು. ಕೆಲಸ ಮುಗಿದದ್ದೇ ಡಾಕ್ಟರು ಜೀಪು ಹತ್ತಿ ಹೋದರು. ಇಲಾಖೆಯ ವಾಹನ ಎಂಬುದು ಅದೊಂದೇ. ಹೆಂಡತಿಯ ಮುಖ ಬಿಳಿಚಿದೆ, ಹೊಟ್ಟೆ ಗಟ್ಟಿಯಾಗುತ್ತಿದೆ ಎಂದು ಸೂರಪ್ಪ ಹೇಳಿದ್ದಕ್ಕೆ ನರ್ಸು, ಉಪವಾಸವಿದ್ದದ್ದಕ್ಕೆ ಹಾಗೆ, ಮನೆಗೆ ಹೋಗಿ ಕಾಫಿ ಕೊಡು ಎಂದಳಂತೆ. ಅವನು ಯಾರದೋ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಶೇಂಗಾ ಹೊಟ್ಟು ಹರವಿ, ಮೇಲೆ ಕಂಬಳಿ ಹಾಸಿ ಅವಳನ್ನು ಮಲಗಿಸಿಕೊಂಡು ಹೊರಟ. ಅರ್ಧ ದಾರಿಯವರೆಗೆ ಅವಳು ಮಾತಾಡುತ್ತಿದ್ದಳು. ಹಟ್ಟಿ ಇನ್ನೊಂದು ಮೈಲಿ ಇರುವಾಗ ನೀರು ಕೇಳಿದಳು. ಆಮೇಲೆ ಏನನ್ನೂ ಕೇಳಲಿಲ್ಲ.

ಬುಧವಾರ ಜಂಬಣ್ಣ ಲೂನಾ ಓಡಿಸಿಕೊಂಡು ಹಟ್ಟಿ ಮುಟ್ಟಿದಾಗ ಹತ್ತು ಗಂಟೆ. ಅವನಿಗಿಂತ ಮುಂಚೆಯೇ, ಬೆಳಕು ಹರಿಯುವಾಗಲೇ, ಚಿನ್ನಯ್ಯ ಬಂದು ಹೋಗಿದ್ದ. ಪೊಲೀಸು ಕೇಸು ಎಂದು ಹೋದರೆ ಹೆಣ ಕೊಯ್ಯುತ್ತಾರೆ, ಮೂರು ದಿನ ಕೊಡುವುದಿಲ್ಲ, ಮಧ್ಯಾಹ್ನದೊಳಗೆ ಮಣ್ಣು ಮಾಡಿಬಿಡಿ ಎಂದು ಹೇಳಿ ಹೋಗಿದ್ದ. ಹಟ್ಟಿಯವರು ಆ ಮಾತಿನಂತೆಯೇ ತಯಾರಿ ನಡೆಸಿದ್ದರು.

ಬೈಗುಳ ಬೀಳುತ್ತದೆ, ಕಲ್ಲು ಬಿದ್ದರೂ ಬೀಳಬಹುದು ಎಂದುಕೊಂಡೇ ಅವನು ಹೋಗಿದ್ದ. ಆದರೆ ಜನ ಅವನಿಗೆ ದಾರಿ ಬಿಟ್ಟುಕೊಟ್ಟರು. ಪೇಪರ್‌ನವರು ಬಂದರು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಹೆಂಗಸರು ಸರಿದು ಕೂತರು. ಅವತ್ತಿನ ಪತ್ರಿಕೆ ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಹೋಟೆಲಿನಲ್ಲಿ ಕೇಳಿಸಿಕೊಂಡಿದ್ದವನು ಹಾರ ಹಿಡಿದು ಒಂದು ಮೂಲೆಯಲ್ಲಿ ನಿಂತಿದ್ದ, ಬಾಯಿ ಬಿಡಲಿಲ್ಲ. ಮುದ್ದಕ್ಕ ಮಗಳ ತಲೆಯ ಹತ್ತಿರ ಕೂತು ತೆಲುಗು ಕನ್ನಡ ಎರಡನ್ನೂ ಬೆರೆಸಿ ಹಾಡಿಕೊಂಡು ಅಳುತ್ತಿದ್ದಳು. ಅವನನ್ನು ಕಂಡು ಅಳು ನಿಲ್ಲಿಸಿ ಕೈ ಹಿಡಿದುಕೊಂಡಳು.

"ಬರಿಯಪ್ಪ ಜಂಬಣ್ಣ. ಯಾರೂ ಬಂದು ನೋಡ್ಲಿಲ್ಲ, ನೀನು ಬಂದು ನೋಡ್ದೆ. ಇದ್ದದ್ದು ಇದ್ದಂಗೆ ಬರಿ."

ಆಗ ಅವನು ಒಂದು ಮಾತು ಹೇಳಬೇಕಿತ್ತು. ಮಣ್ಣು ಮಾಡಬೇಡಿ, ಪೊಲೀಸರು ಬರಲಿ, ಹೆಣ ನೋಡಿ ಡಾಕ್ಟರು ಬರೆದುಕೊಡಲಿ ಎನ್ನಬೇಕಿತ್ತು. ಹನ್ನೆರಡು ವರ್ಷದ ವರದಿಗಾರನಿಗೆ ಅದು ತಿಳಿಯದ ವಿಷಯವಲ್ಲ. ಆದರೆ ಪೊಲೀಸರು ಬಂದರೆ ಮೊದಲು ಕೇಳುವುದೇ ಪತ್ರಿಕೆಯಲ್ಲಿ ಹೀಗೇಕೆ ಬಂದಿದೆ ಎಂದು. ಆ ಹೆದರಿಕೆಗೆ ಅವನು ಹೇಳಲಿಲ್ಲ, ಹಟ್ಟಿಯವರು ಮಣ್ಣು ಮಾಡಿದರು. ನಾನು ಜಂಬಣ್ಣನ ಎಲ್ಲ ತಪ್ಪುಗಳಿಗೂ ಒಂದೊಂದು ಕಾರಣ ಹುಡುಕಿಕೊಡಬಲ್ಲೆ, ಇದಕ್ಕೆ ಮಾತ್ರ ಹುಡುಕಿಕೊಡಲಾರೆ.

ಅವತ್ತು ಮಧ್ಯಾಹ್ನ ಅವನು ಇದ್ದದ್ದನ್ನು ಇದ್ದ ಹಾಗೆ ಬರೆದ. ಎಷ್ಟು ಹೊತ್ತಿಗೆ ಡಾಕ್ಟರು ಬಂದರು, ಜೀಪು ಎಲ್ಲಿ ಹೋಯಿತು, ಟ್ರ್ಯಾಕ್ಟರಿನಲ್ಲಿ ಏನಾಯಿತು, ಎಲ್ಲವನ್ನೂ ಮೂರು ಹಾಳೆಯಲ್ಲಿ ಬರೆದು ಎರಡೂಕಾಲಿನ ಬಸ್ಸಿಗೇ ಕೊಟ್ಟ. ಸಂಜೆ ದುರ್ಗದ ಕಚೇರಿಯಿಂದ ಬೂತಿಗೆ ಫೋನು ಬಂತು. ಪುಟ ನೋಡುವ ಉಪಸಂಪಾದಕರು ಕೇಳಿದ್ದು ಒಂದೇ ಪ್ರಶ್ನೆ: ನಿನ್ನೆ ಎಲ್ಲರೂ ಆರೋಗ್ಯ ಎಂದು ಬರೆದವನೂ ನೀನೇ, ಇವತ್ತು ಅಲ್ಲೇ ಒಬ್ಬಳಿಗೆ ಹೀಗಾಯಿತು ಎನ್ನುವವನೂ ನೀನೇ, ನಾವು ಯಾವ ಜಂಬುಲಿಂಗಪ್ಪನನ್ನು ಅಚ್ಚು ಹಾಕೋಣ? ಗುರುವಾರದ ಪತ್ರಿಕೆಯಲ್ಲಿ ಅವನ ಮೂರು ಹಾಳೆ ನಾಲ್ಕು ಸಾಲಾಗಿತ್ತು. ತಲೆಬರಹ ಹೀಗಿತ್ತು: 'ಶಸ್ತ್ರಚಿಕಿತ್ಸೆ ನಂತರ ಸುರಕ್ಷಿತವಾಗಿ ಮನೆಗೆ ಮರಳಿದ್ದ ಮಹಿಳೆ ಸಾವು'.

ಅವನು ಬಂಡಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ನಾಲ್ಕು ಸಲ ಓದಿದ. ಮಂಗಳವಾರದ ಸುಳ್ಳಿಗೆ ಹೊಂದುವಂತೆ ಬುಧವಾರದ ನಿಜವನ್ನು ಕತ್ತರಿಸಿದ್ದರು. ಸುಳ್ಳೂ ಅವನದೇ, ನಿಜವೂ ಅವನದೇ. ಯಾರ ಮೇಲೆ ಹರಿಹಾಯುವುದು? ಅವತ್ತು ಅರ್ಧ ಮನೆಗಳಿಗೆ ಪೇಪರ್ ಹಾಕಲೇ ಇಲ್ಲ.

ಮೇ ತಿಂಗಳಲ್ಲಿ ಸೂರಪ್ಪ ಒಂದು ಕಾಗದ ಹಿಡಿದು ಅವನ ಮನೆಗೆ ಬಂದ. ಯಾರೋ ಪುಣ್ಯಾತ್ಮ ವಕೀಲರು ಅವನಿಂದ ಸರ್ಕಾರಕ್ಕೆ ಅರ್ಜಿ ಹಾಕಿಸಿದ್ದರು, ಅದಕ್ಕೆ ಬಂದ ಉತ್ತರ ಅದು. ಸೂರಪ್ಪನಿಗೆ ಓದು ಬಾರದು, ಜಂಬಣ್ಣನೇ ಓದಿ ಹೇಳಬೇಕಾಯಿತು. ಮೃತಳನ್ನು ಸಂಜೆ ನಾಲ್ಕು ಗಂಟೆಗೆ ಆರೋಗ್ಯ ಸ್ಥಿತಿಯಲ್ಲಿ ವಾಹನದಲ್ಲಿ ಕಳುಹಿಸಲಾಗಿದೆ. ಮನೆಯಲ್ಲಿ ಸಲಹೆ ಮೀರಿ ಭಾರ ಎತ್ತಿದ್ದರಿಂದ ಸಾವು ಸಂಭವಿಸಿರಬಹುದು. ಇದಕ್ಕೆ ಆಸ್ಪತ್ರೆಯ ರಿಜಿಸ್ಟರು ಮತ್ತು ಪತ್ರಿಕಾ ವರದಿಯೇ ಆಧಾರ. ಕೊನೆಯ ಹಾಳೆಯಲ್ಲಿ ಅವನ ಸುದ್ದಿಯ ಜೆರಾಕ್ಸು ಅಂಟಿಸಿದ್ದರು.

ಸೂರಪ್ಪ ಅದನ್ನು ನೋಡಿ, ಇದು ನಿಮ್ಮ ಪೇಪರಿನದಲ್ಲವೇ ಎಂದು ಕೇಳಿದ. ಜಂಬಣ್ಣ ಹೌದೆಂದ. ಸೂರಪ್ಪ, ಅವಳು ಮನೆ ಮುಟ್ಟಿಯೇ ಇರಲಿಲ್ಲ, ಭಾರ ಎತ್ತಿದ್ದು ಯಾವಾಗ ಎಂದು ತನಗೆ ತಾನೇ ಎರಡು ಸಲ ಅಂದುಕೊಂಡು, ಜೂನ್ ಹತ್ತರಂದು ಚಳ್ಳಕೆರೆಯಲ್ಲಿ ವಿಚಾರಣೆ ಇದೆಯೆಂದು ಹೇಳಿ ಹೋದ.

ಹೆಣ ಮಣ್ಣಾಗಿತ್ತು. ಉಳಿದ ಹೆಂಗಸರ ಮಾತನ್ನು ನೆಂಟರ ಮಾತೆಂದು ತಳ್ಳಿಹಾಕುತ್ತಾರೆ. ಹಾಗಾದರೆ ನಿರ್ಮಲಾ ಸತ್ತದ್ದು ಅವಳದೇ ತಪ್ಪಿನಿಂದ ಎಂದು ಸರ್ಕಾರದ ಕಡತದಲ್ಲಿ ಖಾಯಂ ಆಗುವುದಕ್ಕೂ ಆಗದಿರುವುದಕ್ಕೂ ನಡುವೆ ನಿಂತಿರುವುದು ಕಲ್ಲುಬೆಂಚಿನ ಮೇಲೆ ಬರೆದ ತನ್ನ ಒಂದು ಸಾಲು. ಇದು ಅರಿವಾದ ರಾತ್ರಿ ಜಂಬಣ್ಣನಿಗೆ ಅನ್ನ ಸೇರಲಿಲ್ಲ. ಹೋಗಿ ನಿಜ ಹೇಳಿದರೆ ವರದಿಗಾರಿಕೆಯೂ ಹೋಗುತ್ತದೆ, ಏಜೆನ್ಸಿಯೂ ಹೋಗುತ್ತದೆ, ಊರಲ್ಲಿ ತಲೆ ಎತ್ತಿ ತಿರುಗುವುದೂ ಹೋಗುತ್ತದೆ. ರಾಧಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ರಾಟೆ ನಿಲ್ಲಿಸಿ ಕೇಳಿಸಿಕೊಂಡಳು.

"ಬರ್ಯೋಕೆ ಮುಂಚೆ ಹೋಗ್ಲಿಲ್ಲ. ಈಗ ಹೇಳೋಕಾದ್ರೂ ಹೋಗ್ರಿ," ಎಂದಳು.

ವಿಚಾರಣೆಗೆ ನಾಲ್ಕು ದಿನ ಇರುವಾಗ ಚಿನ್ನಯ್ಯ ಬಂದ. ಕೊಟ್ಟ ಮಜ್ಜಿಗೆಯನ್ನು ಮುಟ್ಟದೆ ಕೂತಿದ್ದ. ಮನುಷ್ಯ ಅರ್ಧಕ್ಕೆ ಇಳಿದಿದ್ದ, ಅವನೂ ಆ ನಾಲ್ಕು ತಿಂಗಳು ನೆಟ್ಟಗೆ ನಿದ್ದೆ ಮಾಡಿದವನಲ್ಲ. ಜಂಬಣ್ಣನನ್ನು ಯಾರೂ ಸಾಕ್ಷಿಗೆ ಕರೆದಿಲ್ಲ, ತಾನಾಗಿ ಹೋಗಿ ಯಾಕೆ ಬೆಂಕಿಗೆ ಬೀಳಬೇಕು ಎಂದು ಸುತ್ತಿ ಬಳಸಿ ಹೇಳಿದ. ಜಂಬಣ್ಣ ರಿಜಿಸ್ಟರಿನ ಮಾತೆತ್ತಿದ. ಎಲ್ಲರನ್ನೂ ನಾಲ್ಕು ಗಂಟೆಗೆ ಕಳಿಸಿದೆವೆಂದು ಅದರಲ್ಲಿ ಹೇಗೆ ಬಂತು, ನಾಲ್ಕಕ್ಕೆ ಇನ್ನೂ ಶುರುವೇ ಆಗಿರಲಿಲ್ಲವಲ್ಲ ಎಂದ.

"ರಿಜಿಸ್ಟರ್ ಬೆಳಿಗ್ಗೇನೇ ಬರ್ದಿಟ್ಟಿರ್ತೀವಿ ಕಣೋ. ಸಾಯಂಕಾಲ ಯಾರಿಗೆ ಪುರುಸೊತ್ತು ಇರ್ತೈತೆ?" ಎಂದ ಚಿನ್ನಯ್ಯ. ಆಮೇಲೆ ತಲೆ ತಗ್ಗಿಸಿ ಹೇಳಿದ. "ನಿನ್ ಹಳೇ ಸುದ್ದಿ ಕಟ್ ಮಾಡಿ ಇಟ್ಕೊಂಡಿದೀನಿ. ಅದನ್ನ ನೋಡ್ಕೊಂಡೇ ಬರೆಯೋದು. ನಿನ್ ಕನ್ನಡ ಚೆನ್ನಾಗಿರ್ತೈತೆ."

ಜಂಬಣ್ಣನಿಗೆ ಈಗ ಅರ್ಥವಾಯಿತು. ಆಸ್ಪತ್ರೆಯ ಲೆಕ್ಕ ಅವನ ಸುದ್ದಿಯಿಂದ, ಅವನ ಸುದ್ದಿ ಆಸ್ಪತ್ರೆಯ ಲೆಕ್ಕದಿಂದ. ಇಷ್ಟು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಬರೆದಿದ್ದರು, ಮಲಗಿದ್ದ ಹೆಂಗಸರನ್ನು ಯಾರೂ ನೋಡಿರಲಿಲ್ಲ. ಕುರುಡನ ಕೈ ಕುರುಡ ಹಿಡಿದ ಕಥೆ. ಚಿನ್ನಯ್ಯ ಹೋಗುವಾಗ ಬಾಗಿಲಲ್ಲಿ ನಿಂತು, ಸತ್ತವಳು ಎದ್ದು ಬರುತ್ತಾಳೆಯೇ ಎಂದು ಕೇಳಿದ.

ಜೂನ್ ಹತ್ತರಂದು ಚಳ್ಳಕೆರೆಯ ಪ್ರವಾಸಿ ಮಂದಿರದಲ್ಲಿ ವಿಚಾರಣೆ ನಡೆಯಿತು. ಮೇಲಿನಿಂದ ಬಂದಿದ್ದ ಅಧಿಕಾರಿ ಒಬ್ಬ ಹೆಂಗಸು, ಕನ್ನಡಕ ಹಾಕಿದವರು, ಹೆಚ್ಚು ಮಾತಿನವರಲ್ಲ. ಬೆಳಿಗ್ಗೆಯೆಲ್ಲ ಸೂರಪ್ಪನನ್ನು ಕೇಳಿದರು, ನರ್ಸನ್ನು ಕೇಳಿದರು, ಚಿನ್ನಯ್ಯನನ್ನು ಕೇಳಿದರು. ಮುದ್ದಕ್ಕ ಹಿಂದೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ರಿಜಿಸ್ಟರೂ ಪತ್ರಿಕೆಯೂ ಬೇರೆ ಬೇರೆ ಕಡೆಯಿಂದ ಬಂದ ದಾಖಲೆಗಳು, ಎರಡೂ ಒಂದೇ ಮಾತು ಹೇಳುತ್ತಿವೆ ಎಂದು ಇಲಾಖೆಯ ಪರ ವಕೀಲರು ಒತ್ತಿ ಒತ್ತಿ ಹೇಳಿದರು. ಅಷ್ಟು ಹೊತ್ತಿಗೆ ಬಾಗಿಲ ಹತ್ತಿರ ನಿಂತಿದ್ದ ಜಂಬಣ್ಣ ಮುಂದೆ ಬಂದು ತನ್ನ ಹೆಸರು ಹೇಳಿದ. ಆ ಸುದ್ದಿ ಬರೆದವನು ತಾನು ಎಂದ.

ಅಧಿಕಾರಿ ಕುರ್ಚಿ ತೋರಿಸಿದರು, ಅವನು ಕೂರಲಿಲ್ಲ. ಹೆಂಗಸರನ್ನು ವಾಹನಕ್ಕೆ ಹತ್ತಿಸಿದ್ದನ್ನು ನೀವು ಎಷ್ಟು ಗಂಟೆಗೆ ನೋಡಿದಿರಿ ಎಂದು ಅವರು ಕೇಳಿದರು.

"ನಾನು ನೋಡಿಲ್ಲ ಮೇಡಂ. ಶಿಬಿರಕ್ಕೆ ನಾನು ಹೋಗೇ ಇಲ್ಲ. ಡಾಕ್ಟ್ರು ಬರೋಕೆ ಒಂದೂವರೆ ಗಂಟೆ ಮುಂಚೆ ಬರ್ದು ಬಸ್ಸಿಗೆ ಕೊಟ್ಟಿದ್ದೆ."

ಅವರು ಕನ್ನಡಕ ತೆಗೆದು ಅವನನ್ನು ನೋಡಿದರು. ಅವನು ಕಲ್ಲುಬೆಂಚಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಬಸ್ಸಿನ ವಿಷಯ, ಕವರಿನ ವಿಷಯ, ಸಂಖ್ಯೆ ಮಾತ್ರ ಬದಲಾಯಿಸುವ ವಿಷಯ. ಅಧಿಕಾರಿ ತಮ್ಮ ಮುಂದಿದ್ದ ಕಡತದಿಂದ ಹಳೆಯ ಶಿಬಿರಗಳ ಪತ್ರಿಕಾ ತುಣುಕುಗಳನ್ನು ತೆಗೆದರು. ಇಲಾಖೆಯವರೇ ತಮ್ಮ ಒಳ್ಳೆಯ ಹೆಸರಿಗೆ ಸಾಕ್ಷಿಯಾಗಿ ಕೊಟ್ಟಿದ್ದವು ಅವು, ಒಟ್ಟು ಒಂಬತ್ತು. ಒಂದೊಂದನ್ನೇ ಎತ್ತಿ ಹಿಡಿದು, ಇದು ಎಂದರು. ಅದೂ ಹಾಗೆಯೇ ಎಂದ. ಇದು ಎಂದರು. ಅದೂ ಹಾಗೆಯೇ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಅವನ ದನಿ ಅವನಿಗೇ ಕೇಳಿಸುತ್ತಿರಲಿಲ್ಲ.

ವಕೀಲರು ಎದ್ದು, ಒಂಬತ್ತು ಸಲ ಸುಳ್ಳು ಬರೆದವನು ಹತ್ತನೆಯ ಸಲ ನಿಜ ಹೇಳುತ್ತಿದ್ದಾನೆಂದು ನಂಬುವುದು ಹೇಗೆ ಎಂದರು. ನ್ಯಾಯವಾದ ಪ್ರಶ್ನೆಯೇ. ಅಧಿಕಾರಿಯೂ ಅದನ್ನೇ ಕೇಳಿದರು.

"ನನ್ನ ಮಾತು ನಂಬಬ್ಯಾಡ್ರಿ," ಎಂದ ಜಂಬಣ್ಣ. "ಬಸ್ಸು ಬಿಡೋ ಹೊತ್ತು ಕಂಡಕ್ಟರ್‌ನ ಕೇಳ್ರಿ. ಡಾಕ್ಟ್ರ ಜೀಪಿನ ಲಾಗ್ ಪುಸ್ತಕ ತರಿಸ್ರಿ. ಅವರು ಎಷ್ಟು ಗಂಟೆಗೆ ಅಲ್ಲಿಗೆ ಮುಟ್ಟಿದ್ರು ಅಂತ ಅದ್ರಲ್ಲೇ ಐತೆ."

ಜೀಪಿನ ಪುಸ್ತಕ ಹೊರಗೆ ನಿಂತಿದ್ದ ಜೀಪಿನಲ್ಲೇ ಇತ್ತು. ಡ್ರೈವರು ತಂದುಕೊಟ್ಟ. ಯಾರಿಗೂ ಅದನ್ನು ತಿದ್ದಬೇಕೆಂದು ಹೊಳೆದಿರಲಿಲ್ಲ. ಡೀಸೆಲ್ ಲೆಕ್ಕಕ್ಕೆ ಬರೆಯುವ ಪುಸ್ತಕವಲ್ಲವೇ. ಫೆಬ್ರವರಿಯ ಆ ಮಂಗಳವಾರದ ಸಾಲಿನಲ್ಲಿ ತಲುಪಿದ ಸಮಯ ೩.೪೫ ಎಂದಿತ್ತು. ಹದಿನೈದು ನಿಮಿಷದಲ್ಲಿ ಮೂವತ್ತೆಂಟು ಜನರಿಗೆ ಶಸ್ತ್ರಚಿಕಿತ್ಸೆ ಮಾಡಿ, ಮೂವತ್ತೆಂಟು ಜನರನ್ನು ಒಂದೇ ಜೀಪಿನಲ್ಲಿ ಮನೆಗೆ ಬಿಟ್ಟಿರಾ ಎಂದು ಅಧಿಕಾರಿ ಚಿನ್ನಯ್ಯನನ್ನು ಕೇಳಿದರು. ಚಿನ್ನಯ್ಯ ಕೈಮುಗಿದು ನಿಂತುಬಿಟ್ಟ. ಪತ್ರಿಕೆಯ ತುಣುಕನ್ನು ಅಧಿಕಾರಿ ಕಡತದಿಂದ ಬೇರ್ಪಡಿಸಿ, ಇದು ಸಾಕ್ಷ್ಯವಲ್ಲ ಎಂದು ಮೇಲೆ ಬರೆದು ಸಹಿ ಮಾಡಿದರು. ಸಾವಿಗೆ ಮೃತಳ ಅಜಾಗರೂಕತೆ ಕಾರಣವೆಂಬ ಮಾತನ್ನು ಹೊಡೆದುಹಾಕಿ, ಮಕ್ಕಳಿಗೆ ಪರಿಹಾರ ಕೊಡಬೇಕೆಂದು ಶಿಫಾರಸು ಮಾಡುವುದಾಗಿ ಅಲ್ಲೇ ಹೇಳಿದರು.

ಜಂಬಣ್ಣ ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಮಾಡಬೇಕಾದದ್ದನ್ನು ಮಾಡಿದೆ ಎನ್ನುವ ಒಂದು ಹಗುರ, ನಾಳೆಯಿಂದ ಏನು ಮಾಡುವುದು ಎನ್ನುವ ಒಂದು ಭಾರ, ಎರಡೂ ಒಟ್ಟಿಗೇ ಇದ್ದವು. ಹುಣಸೆಮರದ ನೆರಳಲ್ಲಿ ಮುದ್ದಕ್ಕ ಒಬ್ಬಳೇ ಕೂತಿದ್ದಳು, ಸೂರಪ್ಪ ಸಹಿ ಹಾಕಲು ಒಳಗೇ ಉಳಿದಿದ್ದ. ಅವನು ಹೋಗಿ ಅವಳೆದುರು ಕೂತ. ಕೇಸು ನಿಮ್ಮ ಕಡೆಗಾಯಿತು, ಇನ್ನು ನಿರ್ಮಲಾಳ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ ಎಂದು ತಿಳಿಯುವ ಹಾಗೆ ಹೇಳಿದ. ಬೈದರೆ ಬೈಸಿಕೊಳ್ಳೋಣ ಎಂದು ಕಾದ. ನಿಜ ಹೇಳಬೇಕೆಂದರೆ, ಒಂದು ಒಳ್ಳೆಯ ಮಾತು ಬಂದೀತೆಂದೂ ಮನಸ್ಸಿನ ಮೂಲೆಯಲ್ಲಿ ಆಸೆಯಿತ್ತು.

ಮುದ್ದಕ್ಕ ಅವನ ಕಡೆ ತಿರುಗಿ ಕೇಳಿದಳು.

"ಆಯಮ್ಮ ಒಂದೊಂದೇ ತುಂಡು ತೆಗ್ದು ತೋರಿಸಿದ್ರಲ್ಲ, ಅವೆಲ್ಲಾ ನೋಡದೇನೇ ಬರ್ದಿದ್ದಾ?"

"ಹೂನವ್ವ."

"ಹೋದ ವರ್ಷದ್ದೂ? ಅದ್ರ ಹಿಂದಿನ ವರ್ಷದ್ದೂ?"

"ಎಲ್ಲಾನೂ ಅವ್ವ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಸಿಟ್ಟಿಲ್ಲದ ದನಿಯಲ್ಲಿ, ಯಾರಿಗೋ ದಾರಿ ಹೇಳುವವಳ ಹಾಗೆ ಹೇಳಿದಳು.

"ನಂಗೆ ಭಯ ಇತ್ತಪ್ಪ. ಆಪರೇಸನ್ ಬ್ಯಾಡ ಅಂತ ಎರಡು ವರ್ಷ ತಡೆದೆ. ಅವಳು ಏಳನೇ ಕ್ಲಾಸು ಓದಿದ್ಲಲ್ಲ, ಕ್ರಾಸಿನ ಹೋಟ್ಲಿಂದ ಪೇಪರ್ ಇಸ್ಕೊಂಡ್ ಬಂದು ನನ್ ಮುಂದೆ ಕುಂತು ಓದೋಳು. ನೋಡವ್ವ, ಎಲ್ಲಾರೂ ಚೆನ್ನಾಗವ್ರೆ, ಒಂದ್ ಸಲಾನೂ ಯಾರಿಗೂ ಏನೂ ಆಗಿಲ್ಲ, ಕಣ್ಣಾರೆ ನೋಡ್ದೋರು ಬರ್ದವ್ರೆ ಅನ್ನೋಳು. ಮೂರ್ ಸಲ ಓದಿದ್ರೂ ನಾನು ಒಪ್ಲಿಲ್ಲ. ನಾಕನೇ ಸಲಕ್ಕೆ ನಾನೇ ಹೂಂ ಅಂದೆ."

ಸೂರಪ್ಪ ಒಳಗಿನಿಂದ ಬಂದು ಕರೆದ. ಮುದ್ದಕ್ಕ ಮೊಣಕಾಲಿಗೆ ಕೈ ಊರಿ ಎದ್ದು ಅವನ ಹಿಂದೆ ಹೊರಟಳು. ಜಂಬಣ್ಣ ಹುಣಸೆಮರದ ಕೆಳಗೇ ಕೂತಿದ್ದ.